ಮೇಲುಕೋಟೆ, ಕೋಡಂಬಾಕ್ಕಂ: ಜಯಲಲಿತಾ ಅವರ ಚಿತ್ರಜೀವನ

ಜಯಲಲಿತಾ ಅವರು ನಾಯಕಿಯಾಗಿ ನಟಿಸಿದ ಮೊದಲ ಚಿತ್ರ ಕನ್ನಡದ್ದು. 1964ರಲ್ಲಿ ತೆರೆಕಂಡ ‘ಚಿನ್ನದ ಗೊಂಬೆ’ಯಿಂದ 1980ರ ‘ನದಿಯೈ ತೇಡಿ ವಂದ ಕಡಲ್’ವರೆಗೆ, ಹದಿನಾರು ವರ್ಷಗಳಲ್ಲಿ ಅವರು ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡರು. ಅವುಗಳಲ್ಲಿ ಬಹುಪಾಲು ತಮಿಳಿನವು, ಗಣನೀಯ ಸಂಖ್ಯೆಯವು ತೆಲುಗಿನವು, ಬೆರಳೆಣಿಕೆಯಷ್ಟು ಕನ್ನಡದವು. ಹಿಂದಿ, ಮಲಯಾಳ, ಇಂಗ್ಲಿಷ್‌ಗಳಲ್ಲಿ ಒಂದೊಂದು ಎರಡೆರಡು. ಮುಂದೆ ಅವರು ತಮಿಳುನಾಡಿನ ಮುಖ್ಯಮಂತ್ರಿಯಾದದ್ದರಿಂದ ಈ ಚಿತ್ರಗಳನ್ನು ರಾಜಕೀಯದ ಮುನ್ನುಡಿಯಾಗಿ ಓದುವುದು ರೂಢಿಯಾಗಿದೆ. ಆ ಓದಿನಲ್ಲಿ ನಟಿ ಮರೆಯಾಗುತ್ತಾರೆ. ಅವರ ನಟನೆಯನ್ನು ಅದರಷ್ಟಕ್ಕೇ ನೋಡಿದರೆ ಕಾಣುವುದು ದಕ್ಷಿಣ ಭಾರತದ ಚಿತ್ರೋದ್ಯಮ ಒಂದೇ ಊರಿನಲ್ಲಿ, ಮದರಾಸಿನ ಕೋಡಂಬಾಕ್ಕಂನಲ್ಲಿ, ನಾಲ್ಕು ಭಾಷೆಗಳನ್ನಾಡುತ್ತಿದ್ದ ಕಾಲದ ಚರಿತ್ರೆ. ಆ ಚರಿತ್ರೆಯ ಮೊದಲ ಪುಟಗಳು ಮಂಡ್ಯ ಸೀಮೆಯಲ್ಲಿವೆ.

ಜನನ 1948ರ ಫೆಬ್ರುವರಿ 24, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ಚೆಲುವನಾರಾಯಣನ ಸನ್ನಿಧಿಯ ಈ ಊರಿಗೆ ಸುತ್ತಲಿನ ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲದ ಜನ ವೈರಮುಡಿ ಉತ್ಸವಕ್ಕೆ ಹೋಗಿಬರುವುದು ತಲೆಮಾರುಗಳಿಂದ ನಡೆದುಬಂದಿದೆ. ರಾಮಾನುಜಾಚಾರ್ಯರ ಕಾಲದಿಂದ ಇಲ್ಲಿ ನೆಲೆ ನಿಂತ ಅಯ್ಯಂಗಾರ್ ಮನೆತನಗಳಲ್ಲಿ ಮನೆಯೊಳಗೆ ತಮಿಳು, ಹೊಸ್ತಿಲಾಚೆ ಕನ್ನಡ, ಪಾಠಶಾಲೆಯಲ್ಲಿ ಸಂಸ್ಕೃತ. ಕವಿ ಪು.ತಿ.ನ. ಹುಟ್ಟಿದ್ದೂ ಇದೇ ಊರಿನಲ್ಲಿ, ಇಂಥದೇ ಮನೆತನದಲ್ಲಿ. ಜಯಲಲಿತಾ ಅವರ ತಂದೆಯ ತಂದೆ ಮೈಸೂರು ಅರಮನೆಯ ಸೇವೆಯಲ್ಲಿದ್ದ ವೈದ್ಯರು. ಮಗುವಿಗೆ ಮನೆತನದ ಪದ್ಧತಿಯಂತೆ ಕೋಮಲವಲ್ಲಿ ಎಂದು ಹೆಸರಿಟ್ಟರು. ಜಯಲಲಿತಾ ಎಂಬ ಹೆಸರು ಮೈಸೂರಿನಲ್ಲಿ ಕುಟುಂಬಕ್ಕಿದ್ದ ಜಯವಿಲಾಸ, ಲಲಿತವಿಲಾಸ ಎಂಬ ಎರಡು ಮನೆಗಳ ಹೆಸರುಗಳನ್ನು ಕೂಡಿಸಿ ಬಂದದ್ದು.

ವಕೀಲಿಕೆ ಓದಿದ್ದ ತಂದೆ ಜಯರಾಮ್ ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ತೀರಿಕೊಂಡರು. ಮನೆಯ ಸ್ಥಿತಿ ಆಗಲೇ ಇಳಿದಿತ್ತು. ತಾಯಿ ವೇದವಲ್ಲಿ ಮಕ್ಕಳಿಬ್ಬರನ್ನು ಕರೆದುಕೊಂಡು ಬೆಂಗಳೂರಿನ ತವರಿಗೆ ಬಂದರು. ಅವರ ತಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ನೌಕರಿಗಾಗಿ ಶ್ರೀರಂಗದಿಂದ ಮೈಸೂರು ಸೀಮೆಗೆ ಬಂದವರು. ವೇದವಲ್ಲಿ ಬೆರಳಚ್ಚು ಕಲಿತು ಕಚೇರಿ ಕೆಲಸಕ್ಕೆ ಸೇರಿದರು. ಅವರ ತಂಗಿ ಅಂಬುಜವಲ್ಲಿ ಮದರಾಸಿನಲ್ಲಿ ವಿದ್ಯಾವತಿ ಎಂಬ ಹೆಸರಿನಿಂದ ನಾಟಕ, ಸಿನಿಮಾಗಳಲ್ಲಿ ನಟಿಸುತ್ತಿದ್ದರು. ತಂಗಿಯ ಮನೆಗೆ ಹೋದ ವೇದವಲ್ಲಿಯವರಿಗೆ ಸಿನಿಮಾದ ಕರೆ ಬಂದದ್ದು ಕನ್ನಡದ ನಿರ್ಮಾಪಕ, ನಟ ಕೆಂಪರಾಜ ಅರಸು ಅವರಿಂದ. ಹೀಗೆ ವೇದವಲ್ಲಿ ‘ಸಂಧ್ಯಾ’ ಆದರು, ತಮಿಳು, ಕನ್ನಡ, ತೆಲುಗು ಚಿತ್ರಗಳ ಪೋಷಕ ನಟಿಯಾದರು. ತಾಯಿಯನ್ನೂ ಮಗಳನ್ನೂ ಚಿತ್ರರಂಗದ ಬಾಗಿಲಿಗೆ ತಂದು ನಿಲ್ಲಿಸಿದವರು ಕನ್ನಡ ಚಿತ್ರರಂಗದವರೇ.

ತಾಯಿ ಮದರಾಸಿನಲ್ಲಿದ್ದಾಗ ಮಗಳು ಅಜ್ಜ ಅಜ್ಜಿ, ಚಿಕ್ಕಮ್ಮನ ಜತೆ ಮೈಸೂರು, ಬೆಂಗಳೂರುಗಳಲ್ಲಿ ಬೆಳೆದರು. ಬೆಂಗಳೂರಿನ ಬಿಷಪ್ ಕಾಟನ್ ಬಾಲಕಿಯರ ಶಾಲೆಯಲ್ಲಿ ಓದು. 1958ರಲ್ಲಿ ಮದರಾಸಿಗೆ ಹೋಗಿ ಚರ್ಚ್ ಪಾರ್ಕ್ ಕಾನ್ವೆಂಟ್ ಸೇರಿದರು. ಕನ್ನಡ ಬಾಲ್ಯದಲ್ಲೇ ಬಂದಿತ್ತು, ಇಂಗ್ಲಿಷ್ ಶಾಲೆಯಲ್ಲಿ ಕುದುರಿತು, ಮನೆಯ ತಮಿಳು ಮದರಾಸಿನಲ್ಲಿ ಹದಗೊಂಡಿತು. ಮುಂದೆ ಒಂದೇ ವರ್ಷದಲ್ಲಿ ಮೂರು ಭಾಷೆಗಳ ಚಿತ್ರಗಳಿಗೆ ಕರಾರು ಮಾಡಿಕೊಳ್ಳಲು ಸಾಧ್ಯವಾದದ್ದು ಈ ಬಾಲ್ಯದ ಓಡಾಟದಿಂದ. ಕೆ.ಜೆ. ಸರಸಾ ಅವರಲ್ಲಿ ಭರತನಾಟ್ಯ ಕಲಿತು, 1960ರಲ್ಲಿ ಮೈಲಾಪುರದ ರಸಿಕ ರಂಜನಿ ಸಭಾದಲ್ಲಿ ರಂಗಪ್ರವೇಶ ಮಾಡಿದರು. ಮುಖ್ಯ ಅತಿಥಿ ಶಿವಾಜಿ ಗಣೇಶನ್. ಅವರ ನೃತ್ಯಶಿಕ್ಷಣವನ್ನು ಅಲಂಕಾರವೆಂದು ಬದಿಗಿಡುವಂತಿಲ್ಲ. ಆ ಕಾಲದ ನಾಯಕಿಗೆ ಹಾಡು ಕುಣಿತಗಳೇ ಪಾತ್ರದ ಅರ್ಧಭಾಗ. ತಾಳದ ಲೆಕ್ಕ ತಪ್ಪದೆ ಮುಖದಲ್ಲಿ ಭಾವ ತರಬಲ್ಲವರು ವಿರಳವಾಗಿದ್ದರು, ಜಯಲಲಿತಾ ಆ ವಿರಳರಲ್ಲಿ ಒಬ್ಬರು.

ತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದು 1961ರ ಕನ್ನಡ ಚಿತ್ರ ‘ಶ್ರೀಶೈಲ ಮಹಾತ್ಮೆ’ಯಲ್ಲಿ. ರಾಜ್‌ಕುಮಾರ್, ಕೃಷ್ಣಕುಮಾರಿ ಮುಖ್ಯ ಪಾತ್ರಗಳಲ್ಲಿದ್ದ ಆ ಚಿತ್ರದಲ್ಲಿ ಸಂಧ್ಯಾ ಅವರಿಗೂ ಪಾತ್ರವಿತ್ತು. ತಾಯಿಯ ಜತೆ ಸೆಟ್ಟಿಗೆ ಹೋಗಿದ್ದ ಹುಡುಗಿಯನ್ನು, ಚಿತ್ರದೊಳಗಿನ ನಾಟಕದಲ್ಲಿ ಪಾರ್ವತಿಯಾಗಬೇಕಿದ್ದ ಬಾಲನಟಿ ಬಾರದ ಕಾರಣ, ಆ ವೇಷಕ್ಕೆ ನಿಲ್ಲಿಸಿದರು. ರಾಜ್‌ಕುಮಾರ್ ಚಿತ್ರದಲ್ಲಿ ಜಯಲಲಿತಾ ಇದ್ದದ್ದು ಬಾಲಕಿಯಾಗಿ ಮಾತ್ರ; ಮುಂದೆ ಅವರಿಬ್ಬರು ಜೋಡಿಯಾಗಲಿಲ್ಲ. ಅದೇ ಸುಮಾರಿಗೆ ವಿ.ವಿ. ಗಿರಿಯವರ ಮಗ ಶಂಕರ ಗಿರಿ ನಿರ್ಮಿಸಿದ ‘ಎಪಿಸಲ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಒಂದು ಪಾತ್ರ, 1962ರ ಹಿಂದಿ ಚಿತ್ರ ‘ಮನ್ ಮೌಜಿ’ಯಲ್ಲಿ ಒಂದು ಪುಟ್ಟ ನೃತ್ಯ ಬಂದವು. ಇವು ಅವಕಾಶಗಳಷ್ಟೆ, ವೃತ್ತಿಯಲ್ಲ. ವೈ.ಜಿ. ಪಾರ್ಥಸಾರಥಿಯವರ ಹವ್ಯಾಸಿ ತಂಡದಲ್ಲಿ ನಾಟಕವಾಡಿದರು. ಮೆಟ್ರಿಕ್ಯುಲೇಷನ್‌ನಲ್ಲಿ ಉನ್ನತ ದರ್ಜೆ ಪಡೆದರು. ಕಾಲೇಜಿಗೆ ಹೋಗಿ ಓದು ಮುಂದುವರಿಸುವ ಆಸೆ ಅವರಿಗಿತ್ತು, ಮನೆಯ ಹಣಕಾಸು ಅದಕ್ಕೆ ಒಪ್ಪಲಿಲ್ಲ. ಇಷ್ಟವಿಲ್ಲದೆಯೇ ಸಿನಿಮಾಕ್ಕೆ ಬಂದೆನೆಂದು ಅವರು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಕರೆ ತಂದವರು ಬಿ.ಆರ್. ಪಂತುಲು. ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’ ಚಿತ್ರಗಳ ನಿರ್ದೇಶಕ, ಪದ್ಮಿನಿ ಪಿಕ್ಚರ್ಸ್‌ನ ಒಡೆಯ, ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದವರು. ಒಂದು ಕಥೆಯನ್ನು ಎರಡು ಭಾಷೆಗಳಲ್ಲಿ ತೆಗೆಯುವುದು ಅವರ ಪದ್ಧತಿಯಾಗಿತ್ತು. 1964ರಲ್ಲಿ ಕನ್ನಡಕ್ಕೆ ‘ಚಿನ್ನದ ಗೊಂಬೆ’, ತಮಿಳಿಗೆ ‘ಮುರಡನ್ ಮುತ್ತು’. ಕನ್ನಡದಲ್ಲಿ ಕಲ್ಯಾಣ್‌ಕುಮಾರ್ ಎದುರು ಜಯಲಲಿತಾ, ತಮಿಳಿನಲ್ಲಿ ಶಿವಾಜಿ ಗಣೇಶನ್ ಎದುರು ದೇವಿಕಾ. ರಜೆಯಲ್ಲಿ ಚಿತ್ರೀಕರಣ ಮುಗಿಸಿಕೊಡುವ ಒಪ್ಪಂದದ ಮೇಲೆ ಶಾಲೆ ಮುಗಿಸಿದ ಹುಡುಗಿ ಒಪ್ಪಿದರು. ಸಂಭಾವನೆ 3,000 ರೂಪಾಯಿ ಎಂದು ದಾಖಲೆಗಳು ಹೇಳುತ್ತವೆ. ಸಂಗೀತ ಟಿ.ಜಿ. ಲಿಂಗಪ್ಪ ಅವರದು.

‘ಮುರಡನ್ ಮುತ್ತು’ ಸುತ್ತ ನಡೆದ ಒಂದು ವೈಮನಸ್ಯ ಈ ನಟಿಯ ಮುಂದಿನ ದಾರಿಯನ್ನೇ ತಿರುಗಿಸಿತು. 1964ರ ದೀಪಾವಳಿಗೆ ಶಿವಾಜಿಯವರ ಎರಡು ಚಿತ್ರಗಳು ಒಂದೇ ದಿನ ಬಿಡುಗಡೆಯಾದವು: ಪಂತುಲು ಅವರ ‘ಮುರಡನ್ ಮುತ್ತು’ ಮತ್ತು ಎ.ಪಿ. ನಾಗರಾಜನ್ ಅವರ ‘ನವರಾತ್ರಿ’. ಶಿವಾಜಿಯವರ ನೂರನೆಯ ಚಿತ್ರವೆಂಬ ಗೌರವ ತಮ್ಮ ಚಿತ್ರಕ್ಕೆ ಸಲ್ಲಬೇಕೆಂದು ಪಂತುಲು ಬಯಸಿದ್ದರು. ಅದು ‘ನವರಾತ್ರಿ’ಗೆ ಹೋಯಿತು. ವರ್ಷಗಳ ಒಡನಾಟ ಮುರಿಯಿತು. ಪಂತುಲು ಎದುರು ಪಾಳೆಯದ ಎಂ.ಜಿ. ರಾಮಚಂದ್ರನ್ ಬಳಿ ಹೋಗಿ ‘ಆಯಿರತ್ತಿಲ್ ಒರುವನ್’ ಆರಂಭಿಸಿದರು, ನಾಯಕಿಯ ಪಾತ್ರಕ್ಕೆ ತಮ್ಮ ‘ಚಿನ್ನದ ಗೊಂಬೆ’ಯ ಹುಡುಗಿಯನ್ನೇ ಆರಿಸಿದರು. 1965ರ ಜುಲೈನಲ್ಲಿ ಬಂದ ಆ ಚಿತ್ರ ದೊಡ್ಡ ಯಶಸ್ಸು ಕಂಡಿತು. ಕಡಲ್ಗಳ್ಳರ ಕಥೆ, ಬಣ್ಣದ ಚಿತ್ರ, ನಾಯಕನಿಗೆ ನಲವತ್ತೆಂಟು, ನಾಯಕಿಗೆ ಹದಿನೇಳು. ಜಯಲಲಿತಾ ಅವರ ವೃತ್ತಿಯನ್ನು ಎಂಜಿಆರ್ ಕಟ್ಟಿದರೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಎಂಜಿಆರ್ ಜತೆಗಿನ ಮೊದಲ ಚಿತ್ರದ ನಿರ್ದೇಶಕರು ಕನ್ನಡದ ಪಂತುಲು, ಆ ಆಯ್ಕೆಗೆ ಆಧಾರ ಒಂದು ಕನ್ನಡ ಚಿತ್ರ. ಈ ಕೊಂಡಿಯನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ.

ಎಂಜಿಆರ್ ಚಿತ್ರಕ್ಕೂ ಮೊದಲೇ, 1965ರ ಏಪ್ರಿಲ್‌ನಲ್ಲಿ, ಶ್ರೀಧರ್ ನಿರ್ದೇಶನದ ‘ವೆಣ್ಣಿರ ಆಡೈ’ ಬಂದಿತ್ತು. ಅವರು ನಾಯಕಿಯಾದ ಮೊದಲ ತಮಿಳು ಚಿತ್ರ ಅದೇ. ಮದುವೆಯಾದ ಕೂಡಲೇ ಗಂಡನನ್ನು ಕಳೆದುಕೊಂಡ ಆಘಾತದಲ್ಲಿ ಮನಸ್ಸಿನ ಸಮತೋಲ ತಪ್ಪಿದ ತರುಣಿಯ ಪಾತ್ರ. ಬಹುತೇಕ ಹೊಸಮುಖಗಳನ್ನೇ ಕಟ್ಟಿಕೊಂಡು ಶ್ರೀಧರ್ ತೆಗೆದ ಈ ಚಿತ್ರಕ್ಕೆ ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಸಿಕ್ಕಿತು. ಹದಿನೆಂಟು ತುಂಬದ ನಾಯಕಿ ತಮ್ಮ ಚಿತ್ರವನ್ನು ತಾವೇ ಚಿತ್ರಮಂದಿರದಲ್ಲಿ ನೋಡುವಂತಿರಲಿಲ್ಲ. ಮಗುವಿನ ಹಟ, ಪ್ರೇಮದ ಉನ್ಮಾದ, ಕಡೆಗೆ ತಿಳಿವು ಮರಳಿದಾಗಿನ ಮೌನ, ಈ ಮೂರನ್ನೂ ಹೊಸ ನಟಿಯೊಬ್ಬರು ದಾಟಿದ ಬಗೆ ಗಮನಾರ್ಹ. ಅದೇ ವರ್ಷ ಅಕ್ಕಿನೇನಿ ನಾಗೇಶ್ವರರಾವ್ ಅವರೊಂದಿಗೆ ‘ಮನುಷುಲು ಮಮತಲು’ ತೆಲುಗಿನ ಬಾಗಿಲನ್ನೂ ತೆರೆಯಿತು.

ಕನ್ನಡದಲ್ಲಿ ಈ ನಡುವೆ ‘ಮನೆ ಅಳಿಯ’ (1964), ‘ನನ್ನ ಕರ್ತವ್ಯ’ (1965), ‘ಮಾವನ ಮಗಳು’ (1965), ‘ಬದುಕುವ ದಾರಿ’ (1966) ಬಂದವು. ಇವುಗಳಲ್ಲಿ ಬಹುತೇಕ ಕಲ್ಯಾಣ್‌ಕುಮಾರ್ ಜತೆಗಿನವು. ಸಾಂಸಾರಿಕ ಕಥೆಗಳು, ಕಪ್ಪುಬಿಳುಪು, ಮಿತ ವೆಚ್ಚ. ಆಮೇಲೆ ಕನ್ನಡ ನಿಂತಿತು. ಇದಕ್ಕೆ ಭಾಷಾಭಿಮಾನದ ಕೊರತೆಯನ್ನು ಕಾರಣವಾಗಿ ಹುಡುಕುವುದಕ್ಕಿಂತ ಆಗಿನ ಉದ್ಯಮದ ಲೆಕ್ಕವನ್ನು ನೋಡುವುದು ಸರಿ. ಕನ್ನಡದಲ್ಲಿ ವರ್ಷಕ್ಕೆ ಸುಮಾರು 20 ಚಿತ್ರಗಳು ತಯಾರಾಗುತ್ತಿದ್ದವು, ಅವುಗಳಲ್ಲಿ ಹೆಚ್ಚಿನವು ಮದರಾಸಿನ ಸ್ಟುಡಿಯೊಗಳಲ್ಲೇ. ತಮಿಳು, ತೆಲುಗು ಘಟಕಗಳು ಬಿಡುವು ಕೊಟ್ಟ ಫ್ಲೋರುಗಳಲ್ಲಿ ಕನ್ನಡ ಚಿತ್ರಗಳ ಕೆಲಸ ನಡೆಯುತ್ತಿದ್ದ ದಿನಗಳವು. ಮಾರುಕಟ್ಟೆ ಕಿರಿದು, ಸಂಭಾವನೆ ಕಡಿಮೆ. ಬಿ. ಸರೋಜಾದೇವಿ ಅವರಂಥ ಕನ್ನಡತಿಯೇ ತಮಿಳಿನಲ್ಲಿ ನೆಲೆ ನಿಂತು ಕನ್ನಡಕ್ಕೆ ಆಗಾಗ ಬರುತ್ತಿದ್ದರು. ಕುಟುಂಬದ ಸಾಲ, ಖರ್ಚು ಹೊತ್ತ ಹದಿನೆಂಟರ ನಟಿಗೆ ಎಂಜಿಆರ್ ಚಿತ್ರಗಳು ಸಾಲಾಗಿ ಬರುತ್ತಿದ್ದಾಗ ಬೇರೆ ದಾರಿ ಆಯ್ದುಕೊಳ್ಳುವ ಅವಕಾಶ ಹೆಚ್ಚಿರಲಿಲ್ಲ. ಕನ್ನಡ ಚಿತ್ರರಂಗ ಕಳೆದುಕೊಂಡದ್ದು ಮಾತ್ರ ದೊಡ್ಡದು. ಪುಟ್ಟಣ್ಣ ಕಣಗಾಲ್ ಹೆಣ್ಣಿನ ಮನಸ್ಸನ್ನೇ ಕೇಂದ್ರವಾಗಿಸಿ ಚಿತ್ರ ತೆಗೆಯಲಾರಂಭಿಸಿದಾಗ, ಅವರ ಗುರು ಪಂತುಲು ಪರಿಚಯಿಸಿದ ಈ ನಟಿ ಕನ್ನಡದಿಂದ ದೂರವಾಗಿದ್ದರು. ‘ವೆಣ್ಣಿರ ಆಡೈ’ ನೋಡಿದವರಿಗೆ ಈ ನಷ್ಟ ಎಷ್ಟೆಂದು ತಿಳಿಯುತ್ತದೆ.

ಎಂಜಿಆರ್ ಜತೆ 1965ರಿಂದ 1973ರವರೆಗೆ 28 ಚಿತ್ರಗಳು. ‘ಕಾವಲ್‌ಕಾರನ್’, ‘ಕುಡಿಯಿರುಂದ ಕೋಯಿಲ್’, ಮತ್ತೆ ಪಂತುಲು ನಿರ್ದೇಶಿಸಿದ ‘ರಹಸ್ಯ ಪೊಲೀಸ್ 115’, ‘ನಮ್ ನಾಡು’, ‘ಮಾಟ್ಟುಕ್ಕಾರ ವೇಲನ್’. ಕಡೆಯದು ‘ಪಟ್ಟಿಕ್ಕಾಟ್ಟು ಪೊನ್ನಯ್ಯ’. ಈ ಚಿತ್ರಗಳ ಕಟ್ಟಡವೇ ನಾಯಕನ ಸುತ್ತ. ಬಡವರ ಬಂಧು, ತಾಯಿಯ ಭಕ್ತ, ಅನ್ಯಾಯದ ವೈರಿಯಾದ ನಾಯಕನೆದುರು ನಾಯಕಿಗೆ ಉಳಿಯುವುದು ಪ್ರೇಮ, ಹಾಡು, ಸಣ್ಣ ಜಗಳ. ಇಷ್ಟು ಇಕ್ಕಟ್ಟಿನಲ್ಲೂ ಜಯಲಲಿತಾ ತಮ್ಮದೊಂದು ಬಗೆಯನ್ನು ರೂಪಿಸಿದರು: ಓದಿದ, ಮಾತಿಗೆ ಮಾತು ಕೊಡುವ, ಆಧುನಿಕ ಉಡುಪಿನಲ್ಲಿ ಮುಜುಗರಪಡದ ಹುಡುಗಿ. ಹಿಂದಿನ ತಲೆಮಾರಿನ ನಾಯಕಿಯರ ತಗ್ಗಿದ ತಲೆ ಇವರಲ್ಲಿ ಕಾಣುವುದಿಲ್ಲ. 1969ರ ಮೇ 1ರಂದು ತೆರೆಕಂಡ ‘ಅಡಿಮೈ ಪೆಣ್’ ಈ ಜೋಡಿಯ ಚಿತ್ರಗಳಲ್ಲಿ ನಟಿಗೆ ಹೆಚ್ಚು ಜಾಗ ಕೊಟ್ಟದ್ದು. ರಾಜಸ್ತಾನದ ಮರಳಿನಲ್ಲೂ ಚಿತ್ರೀಕರಣಗೊಂಡ ಆ ಚಿತ್ರದಲ್ಲಿ ಅವರದು ದ್ವಿಪಾತ್ರ. ಕೂನು ಬೆನ್ನಿನ, ಲೋಕವೇ ತಿಳಿಯದ ಕೈದಿಗೆ ಮಾತು, ಊಟ, ಹೋರಾಟ ಕಲಿಸುವ ಹೆಣ್ಣು ಒಬ್ಬಳು. ಕ್ರೂರ ರಾಣಿ ಇನ್ನೊಬ್ಬಳು. ಚಿತ್ರದ ಮೊದಲರ್ಧದಲ್ಲಿ ನಾಯಕನಿಗೆ ನಾಯಕಿಯೇ ಗುರು. ಕೆ.ವಿ. ಮಹದೇವನ್ ಸಂಗೀತದಲ್ಲಿ ಇದೇ ಚಿತ್ರಕ್ಕೆ ಅವರು ಮೊದಲ ಬಾರಿಗೆ ಹಾಡಿದರು. ಮುಂದೆ ‘ಸೂರ್ಯಕಾಂತಿ’ ಮೊದಲಾದ ಚಿತ್ರಗಳಲ್ಲೂ ಅವರ ಕಂಠವಿದೆ.

ಶಿವಾಜಿ ಗಣೇಶನ್ ಜತೆಗಿನ ಚಿತ್ರಗಳು ಬೇರೆ ಜಾತಿಯವು. ‘ಮೋಟಾರ್ ಸುಂದರಂ ಪಿಳ್ಳೈ’ (1966) ಚಿತ್ರದಲ್ಲಿ ಶಿವಾಜಿಯವರ ಮಗಳಾಗಿದ್ದವರು ಎರಡು ವರ್ಷದಲ್ಲಿ ‘ಗಲಾಟ್ಟಾ ಕಲ್ಯಾಣಂ’ ಚಿತ್ರದಲ್ಲಿ ಜೋಡಿಯಾದರು. ‘ದೈವ ಮಗನ್’, ‘ಸವಾಲೇ ಸಮಾಳಿ’ ಬಂದವು. ‘ಎಂಗಿರುಂದೋ ವಂದಾಳ್’ (1970) ಚಿತ್ರದಲ್ಲಿ ಬುದ್ಧಿಭ್ರಮಣೆಯಾದ ಕವಿಯನ್ನು ನೋಡಿಕೊಳ್ಳಲು ಮನೆಗೆ ಕರೆತಂದ ನರ್ತಕಿಯ ಪಾತ್ರ. ಐದು ವರ್ಷದ ಹಿಂದೆ ತಾವೇ ಮತಿ ಕೆಟ್ಟವಳಾಗಿ ನಟಿಸಿದ್ದವರು ಇಲ್ಲಿ ಆರೈಕೆ ಮಾಡುವವಳು. ಅಬ್ಬರದ ನಟನೆಗೆ ಹೆಸರಾದ ಶಿವಾಜಿಯವರ ಎದುರು ದನಿ ತಗ್ಗಿಸಿ, ಕಣ್ಣಿನಲ್ಲೇ ಉತ್ತರಿಸುವ ಅವರ ನಟನೆ ಈ ಚಿತ್ರದ ಶಕ್ತಿ.

1972ರ ‘ಪಟ್ಟಿಕ್ಕಾಡಾ ಪಟ್ಟಣಮಾ’ ಜನಪ್ರಿಯತೆಯಲ್ಲಿ ಮುಂದಿನದು. ಹಳ್ಳಿಯ ಯಜಮಾನನಿಗೂ ವಿದೇಶದಲ್ಲಿ ಓದಿ ಬಂದ ಹೆಂಡತಿಗೂ ನಡೆಯುವ ಜಟಾಪಟಿ ಕಥೆ. ಪಿ. ಮಾಧವನ್ ನಿರ್ದೇಶನ. ಅತ್ಯುತ್ತಮ ತಮಿಳು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು, ನಟಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ರವಿಚಂದ್ರನ್ ಅವರ ‘ಪುಟ್ನಂಜ’ ನೋಡಿದ ಕನ್ನಡಿಗರಿಗೆ ಕಥೆ ಪರಿಚಿತ. ಓದಿದ ಹೆಣ್ಣಿನ ಸೊಕ್ಕನ್ನು ಮುರಿದು ಸೆರಗು ಹೊದಿಸುವ ಕಥಾಸೂತ್ರ ಇಂದು ಒಪ್ಪಿತವಾಗುವಂಥದಲ್ಲ. ಆದರೂ ಜಯಲಲಿತಾ ಆ ಪಾತ್ರಕ್ಕೆ ಕೊಟ್ಟ ಸ್ವಾಭಿಮಾನದ ಕಾವು ಕಥೆಯ ತೀರ್ಪನ್ನು ಮೀರಿ ನಿಲ್ಲುತ್ತದೆ. ಸೋತವಳಂತೆ ಆಕೆ ಕಾಣುವುದೇ ಇಲ್ಲ. ಅದೇ ವರ್ಷ ತಮಿಳುನಾಡು ಸರ್ಕಾರ ಅವರಿಗೆ ಕಲೈಮಾಮಣಿ ಪ್ರಶಸ್ತಿ ನೀಡಿತು.

ತೆಲುಗಿನಲ್ಲಿ ‘ಗೂಢಚಾರಿ 116’ (1966) ಕೃಷ್ಣ ಅವರೊಂದಿಗೆ, ‘ಚಿಕ್ಕಡು ದೊರಕಡು’ (1967), ‘ಕಥಾನಾಯಕುಡು’ (1969), ‘ಶ್ರೀ ಕೃಷ್ಣ ಸತ್ಯ’ (1971) ಎನ್.ಟಿ. ರಾಮರಾವ್ ಅವರೊಂದಿಗೆ. ‘ಕಥಾನಾಯಕುಡು’ ಅದೇ ವರ್ಷ ತಮಿಳಿನಲ್ಲಿ ‘ನಮ್ ನಾಡು’ ಆಯಿತು; ಎನ್‌ಟಿಆರ್, ಎಂಜಿಆರ್ ಇಬ್ಬರ ಎದುರೂ ನಾಯಕಿ ಇವರೇ. ಎರಡು ರಾಜ್ಯಗಳ ಮುಂದಿನ ಇಬ್ಬರು ಮುಖ್ಯಮಂತ್ರಿಗಳು ಜನನಾಯಕನ ಒಂದೇ ಪಾತ್ರವನ್ನು ಆಡಿದ ಎರಡು ಚಿತ್ರಗಳಲ್ಲೂ ಇದ್ದವರು ಮುಂದೆ ಮೂರನೆಯ ಮುಖ್ಯಮಂತ್ರಿಯಾದರು. ಹಿಂದಿಯಲ್ಲಿ ಧರ್ಮೇಂದ್ರ, ತನುಜಾ ಜತೆಗೆ ‘ಇಜ್ಜತ್’ (1968), ಮಲಯಾಳದಲ್ಲಿ ‘ಜೀಸಸ್’ (1973).

ನಾಯಕ ಹಿಂದೆ ಸರಿದು ಹೆಣ್ಣೇ ಕಥೆಯ ನಡುವೆ ನಿಂತ ಚಿತ್ರಗಳು 1970ರ ದಶಕದಲ್ಲಿ ಬಂದವು. ಕೆ.ಎಸ್. ಗೋಪಾಲಕೃಷ್ಣನ್ ಅವರ ‘ಆದಿ ಪರಾಶಕ್ತಿ’ (1971) ಚಿತ್ರದಲ್ಲಿ ದೇವಿಯ ಪಾತ್ರ. ಎ. ವಿನ್ಸೆಂಟ್ ನಿರ್ದೇಶಿಸಿದ ‘ತಿರುಮಾಂಗಲ್ಯಂ’ (1974) ಅವರ ನೂರನೆಯ ಚಿತ್ರ. ಚೋ ರಾಮಸ್ವಾಮಿ ತಮ್ಮ ನಾಟಕವನ್ನೇ ತೆರೆಗೆ ತಂದ ‘ಯಾರುಕ್ಕುಂ ವೆಟ್ಕಂ ಇಲ್ಲೈ’ (1975) ಚಿತ್ರದಲ್ಲಿ ಸಮಾಜ ಹಳಿದ ಹೆಣ್ಣು ಸಮಾಜವನ್ನೇ ಪ್ರಶ್ನಿಸುತ್ತಾಳೆ. ಈ ಗುಂಪಿನಲ್ಲಿ ಮುಕ್ತಾ ಶ್ರೀನಿವಾಸನ್ ಅವರ ‘ಸೂರ್ಯಕಾಂತಿ’ (1973) ಎತ್ತರದ್ದು. ತನಗಿಂತ ಹೆಚ್ಚು ಸಂಪಾದಿಸುವ ಹೆಂಡತಿಯ ಮುಂದೆ ಗಂಡನಲ್ಲಿ ಹುಟ್ಟುವ ಕೀಳರಿಮೆ ಇದರ ವಸ್ತು. ಗಂಡನಾಗಿ ಮುತ್ತುರಾಮನ್. ಮನೆಯ ಭಾರ ಹೊತ್ತು, ಆ ಭಾರ ಹೊತ್ತದ್ದೇ ತಪ್ಪೆಂಬಂತೆ ನಡೆಸಿಕೊಳ್ಳಲ್ಪಡುವ ಹೆಣ್ಣಿನ ದಣಿವನ್ನು ಅವರು ಅತಿರೇಕವಿಲ್ಲದೆ ತೋರಿದರು. ಹದಿಹರೆಯದಿಂದ ಮನೆ ನಡೆಸಿದ ನಟಿಗೆ ಈ ದಣಿವು ಹೊರಗಿನದಾಗಿರಲಿಲ್ಲ. 1971ರಲ್ಲಿ ತಾಯಿ ಸಂಧ್ಯಾ ತೀರಿಕೊಂಡಿದ್ದರು. ಚೆನ್ನೈನ ಪೋಯಸ್ ಗಾರ್ಡನ್ನಿನ ಮನೆಗೆ ‘ವೇದ ನಿಲಯಂ’ ಎಂಬ ಹೆಸರಿರುವುದು ಆ ತಾಯಿಯ ನೆನಪಿಗೆ.

ಹುಟ್ಟಿದ ನಾಡಿನೊಂದಿಗಿನ ನಂಟು ಈ ವರ್ಷಗಳಲ್ಲಿ ಬಿಗುವಾಯಿತು. ತಾನು ತಮಿಳರವಳೆಂದು ಸಂದರ್ಶನವೊಂದರಲ್ಲಿ ಹೇಳಿದ್ದಕ್ಕೆ ಮೈಸೂರಿನಲ್ಲಿ ಚಿತ್ರೀಕರಣದ ವೇಳೆ ಪ್ರತಿಭಟನಕಾರರು ಮುತ್ತಿಕೊಂಡು ಕ್ಷಮೆ ಕೇಳುವಂತೆ ಒತ್ತಾಯಿಸಿದರು, ಅವರು ಒಪ್ಪಲಿಲ್ಲ. ಮೇಲುಕೋಟೆಯ ಅಯ್ಯಂಗಾರ್ ಮನೆತನಗಳ ಎರಡು ಭಾಷೆಗಳ ಬಾಳನ್ನು ಬಲ್ಲವರಿಗೆ, ಎರಡರಲ್ಲಿ ಒಂದನ್ನು ಆರಿಸು ಎಂಬ ಒತ್ತಾಯ ಎಷ್ಟು ಕಷ್ಟದ್ದೆಂದು ಅರ್ಥವಾಗುತ್ತದೆ. ಕಾವೇರಿಯ ವಿಷಯದಲ್ಲಿ ಮುಂದೆ ಎದ್ದ ಕಹಿ ಮಂಡ್ಯ ಜಿಲ್ಲೆಯಲ್ಲಿ ಆಕೆಯ ನಟನೆಯ ನೆನಪನ್ನೂ ಹಿಂದಕ್ಕೆ ತಳ್ಳಿತು. ನದಿ ನೀರಿನ ವ್ಯಾಜ್ಯ ಬೇರೆ, ಕಲೆಯ ಮೌಲ್ಯಮಾಪನ ಬೇರೆ, ಎರಡನ್ನೂ ಬೆರೆಸಬೇಕಾಗಿಲ್ಲ.

1975ರ ಬಳಿಕ ಚಿತ್ರಗಳು ಇಳಿಮುಖವಾದವು. ಹೊಸ ತಲೆಮಾರಿನ ನಾಯಕರು ಬಂದರು, ಕಥೆಗಳು ಸ್ಟುಡಿಯೊ ಬಿಟ್ಟು ಹಳ್ಳಿಗಳಿಗೆ ಹೊರಟವು. ಹಾಲಿವುಡ್‌ನಲ್ಲಿ 1950, 60ರ ದಶಕಗಳಲ್ಲಿ ಸ್ಟುಡಿಯೊಗಳ ಹಿಡಿತ ಸಡಿಲಿದಾಗ ಬಾರ್ಬರಾ ಸ್ಟಾನ್‌ವಿಕ್, ಲೊರೆಟ್ಟಾ ಯಂಗ್ ಅವರಂಥ ನಟಿಯರಿಗೆ ಟೆಲಿವಿಷನ್ ಎರಡನೆಯ ವೇದಿಕೆಯಾಯಿತು. ಮದರಾಸಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದೇ 1975ರಲ್ಲಿ. ಧಾರಾವಾಹಿಗಳ ಯುಗಕ್ಕೆ ಇನ್ನೂ ಒಂದು ದಶಕ ಬೇಕಿತ್ತು. ಮೂವತ್ತು ದಾಟುತ್ತಿದ್ದ ನಾಯಕಿಯ ಮುಂದೆ ಉಳಿದಿದ್ದದ್ದು ಅತ್ತಿಗೆ, ತಾಯಿಯ ಪಾತ್ರಗಳು. ಪಂಡರಿಬಾಯಿ, ಎಂ.ವಿ. ರಾಜಮ್ಮ ಅವರು ಆ ಪಾತ್ರಗಳನ್ನೇ ದೊಡ್ಡ ಕಲೆಯಾಗಿಸಿದರು. ಜಯಲಲಿತಾ ಆ ದಾರಿ ಹಿಡಿಯಲಿಲ್ಲ, ಪತ್ರಿಕೆಗಳಿಗೆ ಅಂಕಣ, ಕಥೆ ಬರೆದರು. ರಜನೀಕಾಂತ್ ನಾಯಕರಾದ ‘ಬಿಲ್ಲಾ’ ಚಿತ್ರದ ಅವಕಾಶವನ್ನು ತಾವೇ ನಿರಾಕರಿಸಿದ್ದಾಗಿ, ಅವಕಾಶಕ್ಕಾಗಿ ಕಾಯುತ್ತಿಲ್ಲವೆಂದು 1980ರ ಪತ್ರವೊಂದರಲ್ಲಿ ಸ್ಪಷ್ಟಪಡಿಸಿದರು. ಅದೇ ವರ್ಷ ಬಂದ ‘ನದಿಯೈ ತೇಡಿ ವಂದ ಕಡಲ್’ ಅವರ ಕೊನೆಯ ತಮಿಳು ಚಿತ್ರ. ಸಂಕಲನಕಾರರಾಗಿ ಹೆಸರಾದ ಬಿ. ಲೆನಿನ್ ಅದರ ನಿರ್ದೇಶಕರು, ಶರತ್‌ಬಾಬು ನಾಯಕ.

1982ರಲ್ಲಿ ಎಂಜಿಆರ್ ಅವರ ಪಕ್ಷ ಸೇರಿ, 1984ರಲ್ಲಿ ರಾಜ್ಯಸಭೆಗೆ ಹೋಗಿ, 1991ರಲ್ಲಿ ಮೊದಲ ಬಾರಿ ಮುಖ್ಯಮಂತ್ರಿಯಾದ ಅವರು 2016ರ ಡಿಸೆಂಬರ್ 5ರಂದು ಚೆನ್ನೈನಲ್ಲಿ ನಿಧನರಾದರು. ‘ಆಯಿರತ್ತಿಲ್ ಒರುವನ್’ ಡಿಜಿಟಲ್ ರೂಪ ಪಡೆದು 2014ರ ಮಾರ್ಚ್‌ನಲ್ಲಿ ಮತ್ತೆ ಬಿಡುಗಡೆಯಾಗಿ ಚೆನ್ನೈನ ಚಿತ್ರಮಂದಿರಗಳಲ್ಲಿ 175 ದಿನ ದಾಟಿ ಓಡಿತು. ಅವರ ಕನ್ನಡ ಚಿತ್ರಗಳಿಗೂ ಅಂಥ ಸಂರಕ್ಷಣೆಯ ಕೆಲಸ ಆಗಬೇಕಾಗಿದೆ; ಪಂತುಲು ಅವರ ‘ಚಿನ್ನದ ಗೊಂಬೆ’ಯಿಂದಲೇ ಅದನ್ನು ಶುರು ಮಾಡಬಹುದು.